ಕಾರ್ಖಾನೆ ಮುಚ್ಚಿದ ಮೇಲಿನ ಜಾವಾ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮ ಮಾಮು ಅವರ ಮನೆಯ ಹಿತ್ತಿಲಲ್ಲಿ ಹತ್ತಡಿಗೆ ಹನ್ನೆರಡಡಿಯ ಒಂದು ತಗಡಿನ ಶೆಡ್ಡಿದೆ. ಅದರೊಳಗೆ ಸದ್ಯ ಒಂಬತ್ತು ಎಂಜಿನುಗಳಿವೆ. ಏಳು ಜಾವಾ ಮತ್ತು ಯೆಜ್ಡಿಯವು, ಒಂದು ರಾಜದೂತ್‌ನದು, ಮತ್ತೊಂದು ಗದ್ದೆಗೆ ನೀರೆತ್ತುವ ಪಂಪಿನದು. ಪಂಪಿನ ಎಂಜಿನನ್ನು ರಿಪೇರಿಗೆ ತಂದಿಟ್ಟವರು ತಿರುಗಿ ಬರಲಿಲ್ಲವಾದ್ದರಿಂದ ಅದೂ ಸಂಸಾರದಲ್ಲಿ ಒಂದಾಗಿದೆ. ಮನೆಗೆ ಬಂದ ಸೊಸೆಯ ಬೀರುವಿಗೆ ಜಾಗವಿಲ್ಲ, ಈ ಕಬ್ಬಿಣಕ್ಕೆ ಮಾತ್ರ ಇದೆ ಎಂದು ಮಾಮಿ ಮೂವತ್ತು ವರ್ಷಗಳಿಂದ ಗೊಣಗುತ್ತಲೇ ಇದ್ದಾರೆ. ಆದರೆ ಮಳೆಗಾಲದಲ್ಲಿ ಶೆಡ್ಡು ಸೋರಿದಾಗ ಅವುಗಳ ಮೇಲೆ ಹಳೆಯ ಚಾಪೆ ಹೊದಿಸುವವರೂ ಅವರೇ.

ಮಾಮು ಅವರಿಗೆ ಈಗ ಎಪ್ಪತ್ತೆಂಟು. 1962ರಲ್ಲಿ ಹದಿನೈದರ ಹುಡುಗನಾಗಿ ಗ್ಯಾರೇಜು ಸೇರಿದವರು. ಸ್ವಂತ ಅಂಗಡಿಯನ್ನು ಹತ್ತು ವರ್ಷದ ಹಿಂದೆ ಮುಚ್ಚಿ, ಕೈಗೆ ಹತ್ತಿದ ಸಾಮಾನನ್ನೆಲ್ಲ ಹಿತ್ತಿಲಿಗೆ ತಂದರು. ಅಲ್ಲಿಂದೀಚೆಗೆ ಗುಜರಿಯಲ್ಲಿ ಸಿಕ್ಕಿದ, ಹಳ್ಳಿಗಳ ಹುಲ್ಲಿನ ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿದು ಬಿದ್ದ ಎಂಜಿನುಗಳನ್ನು ತಂದು, ಬಿಚ್ಚಿ, ತೊಳೆದು, ಮತ್ತೆ ಉಸಿರಾಡುವಂತೆ ಮಾಡುವುದೇ ಅವರ ಕೆಲಸ. ಕೆಲವನ್ನು ಮಾರುತ್ತಾರೆ, ಕೆಲವನ್ನು ಮಾರುವುದಿಲ್ಲ. ಯಾವುದನ್ನು ಏಕೆ ಮಾರುವುದಿಲ್ಲ ಎಂಬುದಕ್ಕೆ ನಮಗೆ ಇದುವರೆಗೆ ಸರಿಯಾದ ಉತ್ತರ ಸಿಕ್ಕಿಲ್ಲ.

ಕತೆ ಬರೆಯುವವರಾದ ನಾವು ಎಂಜಿನಿನ ವಿಷಯಕ್ಕೆ ಕೈ ಹಾಕಲು ಒಂದು ಕಾರಣವಿದೆ. ಮೈಸೂರಿನ ಕೈಗಾರಿಕೆಯ ಬಗ್ಗೆ ಬರೆಯುವವರು ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು, 1996ರಲ್ಲಿ ಮುಚ್ಚಿತು ಎಂದು ಎರಡು ಸಾಲು ಬರೆದು ಮುಂದೆ ಹೋಗುತ್ತಾರೆ. ಕಾರ್ಖಾನೆ ಬದುಕಿದ್ದು ಮೂವತ್ತೈದು ವರ್ಷ. ಅದು ಮುಚ್ಚಿದ ಮೇಲೆ ಆ ಎಂಜಿನು ಇಂಥ ಶೆಡ್ಡುಗಳಲ್ಲಿ ಬದುಕಿರುವುದು ಆಗಲೇ ಮೂವತ್ತು ವರ್ಷಕ್ಕೆ ಸಮೀಪಿಸಿದೆ. ಈ ಎರಡನೆಯ ಅರ್ಧದ ಚರಿತ್ರೆಯನ್ನು ಯಾರೂ ಬರೆದಿಲ್ಲ. ಬರೆಯಲು ಬೇಕಾದ ದಾಖಲೆ ಎಲ್ಲಿದೆ ಎಂದು ಹುಡುಕಿದರೆ, ನಮ್ಮ ಮಟ್ಟಿಗೆ ಅದು ಮಾಮು ಅವರ ಶೆಡ್ಡಿನ ಮೊಳೆಗೆ ನೇತು ಹಾಕಿದ ಬಟ್ಟೆಚೀಲದಲ್ಲಿದೆ. ಹನ್ನೊಂದು ನೋಟ್‌ಬುಕ್ಕುಗಳು. ಎಲ್ಲವೂ ಉರ್ದು ಲಿಪಿಯಲ್ಲಿವೆ.

ಅವುಗಳ ಮಾತಿಗೆ ಮುನ್ನ ಈ ಎಂಜಿನು ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು.

ಜಾವಾ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಇಂಡೋನೇಷ್ಯಾದ ದ್ವೀಪ ನೆನಪಾಗುತ್ತದೆ. ಗಾಡಿಗೂ ಆ ದ್ವೀಪಕ್ಕೂ ಸಂಬಂಧವಿಲ್ಲ. ಚೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕರೊಬ್ಬರಿದ್ದರು. ಮೊದಲ ಮಹಾಯುದ್ಧ ಮುಗಿದು ಬಂದೂಕು, ಕೈಬಾಂಬುಗಳ ಗಿರಾಕಿ ಇಳಿದಾಗ ಅವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಸುವ ಹಕ್ಕನ್ನು ಕೊಂಡರು. ಯಾನೆಚೆಕ್‌ನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಕೂಡಿ ಜಾವಾ ಆಯಿತು. ಚೆಕ್ ಜನ ಅದನ್ನು ‘ಯಾವಾ’ ಎನ್ನುತ್ತಾರೆ. ಮೊದಲ ಗಾಡಿ 500 ಸಿಸಿಯದು, ದುಬಾರಿ, ಹೆಚ್ಚು ಓಡಲಿಲ್ಲ. ಕಂಪನಿಯನ್ನು ಬದುಕಿಸಿದ್ದು ಆಮೇಲೆ ಬಂದ 175 ಸಿಸಿಯ ಸಣ್ಣ, ಅಗ್ಗದ ಗಾಡಿ.

ನಮಗೆ ಬೇಕಾದ ಎಂಜಿನಿನ ಬೇರು ಎರಡನೆಯ ಮಹಾಯುದ್ಧದ ಕಾಲದಲ್ಲಿದೆ. 1939ರಲ್ಲಿ ಜರ್ಮನ್ ಸೈನ್ಯ ಪ್ರಾಗ್‌ಗೆ ನುಗ್ಗಿತು. ಕಾರ್ಖಾನೆ ಜರ್ಮನ್ನರ ಕೆಲಸಕ್ಕೆ ಹೋಯಿತು. ಯಾನೆಚೆಕ್ 1941ರಲ್ಲಿ ತೀರಿಕೊಂಡರು. ಆದರೆ ಅಲ್ಲಿನ ಎಂಜಿನಿಯರುಗಳು ಆಳುವವರ ಕಣ್ಣು ತಪ್ಪಿಸಿ 250 ಸಿಸಿಯ ಹೊಸ ಗಾಡಿಯೊಂದನ್ನು ರೂಪಿಸುತ್ತಿದ್ದರು. ಅದನ್ನು ರಸ್ತೆಯಲ್ಲಿ ಓಡಿಸಿ ನೋಡುವಾಗ ಜರ್ಮನಿಯ ಡಿಕೆಡಬ್ಲ್ಯು ಗಾಡಿಯ ಹೆಸರುಫಲಕ ಅಂಟಿಸಿರುತ್ತಿದ್ದರಂತೆ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದು ಹೊರಬಂತು, ಚಿನ್ನದ ಪದಕ ಪಡೆಯಿತು. ಪರಾಧೀನ ದೇಶವೊಂದರ ಜನ ತಮ್ಮ ಹಿತ್ತಿಲಿನ ಗುಟ್ಟಿನಲ್ಲಿ ಕಾಪಾಡಿಕೊಂಡ ವಿದ್ಯೆ ಅದು. ಅದೇ ವಂಶದಲ್ಲಿ 1954ರಲ್ಲಿ ಬಂದ 353 ಎಂಬ ಮಾದರಿಯೇ ಮುಂದೆ ಮೈಸೂರಿನಲ್ಲಿ ಮರುಹುಟ್ಟು ಪಡೆದದ್ದು.

ಮುಂಬಯಿಯ ಇರಾನಿ ಮನೆತನದವರು 1950ರ ದಶಕದಲ್ಲಿ ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದರು. ವಿದೇಶಿ ವಾಹನಗಳ ಆಮದಿಗೆ ಸರ್ಕಾರ ತಡೆ ಹಾಕಿದಾಗ ಇಲ್ಲೇ ತಯಾರಿಸುವ ಪರವಾನಗಿ ಪಡೆದರು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರು ಮೈಸೂರನ್ನು ಆರಿಸಿಕೊಂಡರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಬೆಂಬಲ ಇದಕ್ಕಿತ್ತು. ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು, ಅವರೇ ಉದ್ಘಾಟಿಸಿದರು. ಇಲ್ಲಿ ಒಂದು ಮಾತು ಸೇರಿಸಬೇಕೆನಿಸುತ್ತದೆ. 1930ರ ದಶಕದಲ್ಲಿ ವಿಶ್ವೇಶ್ವರಯ್ಯನವರು ಭಾರತದಲ್ಲೊಂದು ಮೋಟಾರು ಕಾರ್ಖಾನೆ ಆಗಬೇಕೆಂದು ಯುರೋಪು, ಅಮೆರಿಕ ಸುತ್ತಿ ಬಂದು ಯೋಜನೆ ಬರೆದರು. ಆಳುವ ಬ್ರಿಟಿಷರು ಅದಕ್ಕೆ ಸೊಪ್ಪು ಹಾಕಲಿಲ್ಲ. ಅವರು ಕಂಡ ಕನಸಿನ ಕಾರು ಬರಲಿಲ್ಲ. ಆದರೆ ಅವರ ಕಣ್ಣೆದುರಿಗೇ, ಅವರು ತೀರಿಕೊಳ್ಳುವ ಹಿಂದಿನ ವರ್ಷ, ಮೈಸೂರಿನಿಂದ ಎರಡು ಚಕ್ರದ ಗಾಡಿ ಹೊರಬಂತು.

1970ರ ದಶಕದಲ್ಲಿ ಚೆಕ್ ಕಂಪನಿಯ ಜೊತೆಗಿನ ಒಪ್ಪಂದದ ಅವಧಿ ಮುಗಿದು ಗಾಡಿಗೆ ಯೆಜ್ಡಿ ಎಂಬ ಹೊಸ ಹೆಸರು ಬಂತು. ಇರಾನಿನ ಯಜ್ದ್ ನಗರ ಪಾರ್ಸಿಗಳ ಪೂರ್ವಿಕರ ಊರು, ಅದರಿಂದಲೇ ಈ ಹೆಸರು ಎಂದು ಹೇಳುತ್ತಾರೆ. ಫಾರಸಿಯ ಗಂಧವಿದ್ದ ನಮ್ಮ ಉರ್ದು ಮೇಷ್ಟ್ರೊಬ್ಬರು ತರಗತಿಯ ಕಿಟಕಿಯಾಚೆ ಯೆಜ್ಡಿ ಹೋದಾಗಲೆಲ್ಲ ‘ಯಜ್ದೀ, ಯಜ್ದೀ’ ಎಂದು ಉಚ್ಚಾರಣೆ ತಿದ್ದುತ್ತಿದ್ದರು. ಮಾಮು ಇವತ್ತಿಗೂ ‘ಏಜ್ಡಿ’ ಎನ್ನುವುದನ್ನು ಬಿಟ್ಟಿಲ್ಲ.

ಈ ಎಂಜಿನಿನಲ್ಲಿ ಅಂಥದ್ದೇನಿದೆ? ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ ಏರಿಳಿಯುವ ದೂರ 75 ಮಿಲಿಮೀಟರು. ಮೊದಲ ಮಾದರಿಯ ಶಕ್ತಿ ಹನ್ನೆರಡು ಕುದುರೆ ಬಲ. ಟೂ-ಸ್ಟ್ರೋಕ್ ಆದ್ದರಿಂದ ವಾಲ್ವುಗಳಿಲ್ಲ, ಪಿಸ್ಟನ್ನೇ ಏರುತ್ತ ಇಳಿಯುತ್ತ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು, ಹಳೆಯ ಲೆಕ್ಕದಲ್ಲಿ ಐದು ಲೀಟರಿಗೆ 200 ಮಿಲಿ. ಎಲ್ಲಕ್ಕಿಂತ ಜನರ ಬಾಯಲ್ಲಿ ಉಳಿದದ್ದು ಕಿಕ್ಕರಿನ ಚಮತ್ಕಾರ. ಕಿಕ್ ಹೊಡೆಯುವ ಸನ್ನೆಯೂ ಗೇರು ಹಾಕುವ ಸನ್ನೆಯೂ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಹೊಡೆದು ಸ್ಟಾರ್ಟಾದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರು. ಗೇರು ಒತ್ತುವಾಗ ಕ್ಲಚ್ಚು ತಾನೇ ಬಿಟ್ಟುಕೊಳ್ಳುವ ವ್ಯವಸ್ಥೆಯೂ ಒಳಗಿದೆ. ಅಂದರೆ ಕ್ಲಚ್ಚಿನ ಕೇಬಲ್ ಕಡಿದುಹೋದರೂ ಹುಣಸೂರಿನಿಂದ ಮೈಸೂರಿಗೆ ಬಂದು ತಲುಪಬಹುದು. ಹೀಗೆ ಬಂದು ತಲುಪಿದವರ ಲೆಕ್ಕ ನೋಟ್‌ಬುಕ್ಕುಗಳಲ್ಲಿದೆ.

ರಸ್ತೆ ಇಲ್ಲದ ಊರು, ಮೆಕ್ಯಾನಿಕ್ ಇಲ್ಲದ ಹೋಬಳಿ, ಪುಡಿ ಬೆರೆತ ಪೆಟ್ರೋಲು, ಇಷ್ಟನ್ನೂ ಸಹಿಸುವ ಎಂಜಿನು ಅದು. ಅದಕ್ಕೇ ಹಳ್ಳಿಗೆ ಹೋಯಿತು. 1980ರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ 100 ಸಿಸಿ ಗಾಡಿಗಳು ಬಂದವು. ಹೀರೊ ಹೊಂಡಾ ಒಂದು ಲೀಟರಿಗೆ ಓಡುವ ದೂರದ ಮುಂದೆ ಯೆಜ್ಡಿ ತಲೆ ಎತ್ತಲಾಗಲಿಲ್ಲ. ಹೊಗೆಯ ನಿಯಮಗಳೂ ಬಿಗಿಯಾಗುತ್ತ ಬಂದವು. 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು. ಆ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನು ನೀರಿನಿಂದ ತಣಿಯುವ ಫೋರ್-ಸ್ಟ್ರೋಕ್. ಒಳ್ಳೆಯ ಗಾಡಿಯೇ ಇರಬಹುದು. ಮಾಮು ಒಂದನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು ಸುತ್ತಲೂ ನೋಡಿ, “ಚೆನ್ನಾಗಿದೆಯಪ್ಪಾ, ಆದರೆ ಇದು ಬೇರೆ ಮನೆಯ ಹುಡುಗ” ಎಂದು ಒಳಗೆ ಹೋದರು.

ಕಾರ್ಖಾನೆ ಇರುವಾಗ ಅದರ ವಿದ್ಯೆ ನಕ್ಷೆಗಳಲ್ಲಿ, ಕೈಪಿಡಿಗಳಲ್ಲಿ ಇರುತ್ತದೆ. ಮುಚ್ಚಿದ ಮೇಲೆ ಅದು ಗ್ಯಾರೇಜುಗಳಲ್ಲಿ ಉಳಿಯಿತು. ಗ್ಯಾರೇಜು ಎಂದರೆ ನಮ್ಮ ಕಡೆ ಉಸ್ತಾದ್ ಮತ್ತು ಶಾಗಿರ್ದ್. ಸಂಗೀತದ ಘರಾನೆಯಲ್ಲಿ ಈ ಮಾತುಗಳನ್ನು ಗೌರವದಿಂದ ಆಡುತ್ತೇವೆ. ಗ್ಯಾರೇಜಿನಲ್ಲಿ ಆಡಿದರೆ ನಗುತ್ತೇವೆ. ಆದರೆ ಕಲಿಕೆಯ ಕ್ರಮ ಒಂದೇ. ಮೊದಲ ಎರಡು ವರ್ಷ ಸೀಮೆಎಣ್ಣೆಯಲ್ಲಿ ಪುರ್ಜೆ ತೊಳೆಯುವುದು, ಚಹಾ ತರುವುದು, ಕೇಳಿದ ನಂಬರಿನ ಪಾನಾ ಎತ್ತಿಕೊಡುವುದು. ಮೂರನೆಯ ವರ್ಷ ನಟ್ಟು ಬಿಗಿಯುವ ಅವಕಾಶ. ಎಷ್ಟು ಬಿಗಿ ಎಂಬುದನ್ನು ಉಸ್ತಾದ್ ಬಾಯಿಂದ ಹೇಳುವುದಿಲ್ಲ, ಹುಡುಗನ ಮಣಿಕಟ್ಟಿನ ಮೇಲೆ ತನ್ನ ಕೈಯಿಟ್ಟು ತೋರಿಸುತ್ತಾನೆ.

ಈ ಕಸಬಿನಲ್ಲಿ ಮುಸ್ಲಿಂ ಹುಡುಗರು ಹೆಚ್ಚಾಗಿರುವುದನ್ನು ಎಲ್ಲರೂ ಕಂಡಿದ್ದಾರೆ. 2006ರ ಸಾಚಾರ್ ಸಮಿತಿಯ ವರದಿಯೂ ಮುಸ್ಲಿಮರು ಸ್ವಂತ ದುಡಿಮೆಯಲ್ಲಿ, ಅದರಲ್ಲೂ ವಾಹನ ರಿಪೇರಿಯಂಥ ಕೆಲಸಗಳಲ್ಲಿ ಹೆಚ್ಚಾಗಿದ್ದಾರೆಂದು ಗುರುತಿಸಿತು. ಇದನ್ನು ‘ಸಾಬರ ಹುಡುಗರಿಗೆ ಕೈಯಲ್ಲೇ ವಿದ್ಯೆ ಇದೆ’ ಎಂದು ಹೊಗಳುವವರಿದ್ದಾರೆ. ನಮಗೆ ಆ ಹೊಗಳಿಕೆ ರುಚಿಸುವುದಿಲ್ಲ. ಮಾಮು ಗ್ಯಾರೇಜಿಗೆ ಹೋದದ್ದು ಎಂಟನೆಯ ತರಗತಿಯ ಫೀಸು ಕಟ್ಟಲಾಗದೆ. ಅವರ ಜೊತೆ ಆ ವರ್ಷ ಸೇರಿದ ಇನ್ನಿಬ್ಬರೂ ಹಾಗೆಯೇ ಬಂದವರು. ಶಾಲೆಯ ಬಾಗಿಲು ಮುಚ್ಚಿದ ಕಡೆ ಗ್ಯಾರೇಜಿನ ಬಾಗಿಲು ತೆರೆದಿತ್ತು, ಅಷ್ಟೆ. ಹೋದವರು ಅಲ್ಲಿ ಕಲಿತದ್ದು ಮಾತ್ರ ದೊಡ್ಡದು, ಅದನ್ನು ಯಾವ ಪ್ರಮಾಣಪತ್ರವೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಎಂಟನೆಯ ತರಗತಿಗೆ ಬಿಟ್ಟರೂ ಮಾಮು ಬರೆಯುವುದನ್ನು ಬಿಡಲಿಲ್ಲ. 1969ರಿಂದ ಕೈಗೆ ಬಂದ ಪ್ರತಿ ಎಂಜಿನಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಮೇಲೆ ಎಂಜಿನ್ ನಂಬರು. ಕೆಳಗೆ ತಾರೀಕು, ಬಿಚ್ಚಿದಾಗ ಕಂಡದ್ದು, ಹಾಕಿದ ಪುರ್ಜೆ, ಬೋರಿನ ಅಳತೆ. ಗಿರಾಕಿಯ ಹೆಸರು ಬರೆಯುವ ಅಭ್ಯಾಸ ಅವರಿಗಿಲ್ಲ, ಕಸುಬು ಮತ್ತು ಊರು ಬರೆಯುತ್ತಾರೆ. ಬನ್ನೂರಿನ ಹಾಲಿನವನು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸಾಹುಕಾರ. ಮಡಿಕೇರಿಯ ತೋಟದ ರೈಟರು. ಟಿ. ನರಸೀಪುರದ ಮೇಷ್ಟ್ರು. ಮದುವೆಯಲ್ಲಿ ಮಾವ ಕೊಟ್ಟ ಗಾಡಿ ಎಂದು ಎಷ್ಟೋ ಪುಟಗಳಲ್ಲಿ ಅಡ್ಡಟಿಪ್ಪಣಿ ಇದೆ. 1960, 70ರ ದಶಕಗಳಲ್ಲಿ ಹಳೆಯ ಮೈಸೂರು ಸೀಮೆಯಲ್ಲಿ ಯಾರ ಕೈಗೆ ಯಂತ್ರದ ವೇಗ ಬಂತು, ಹೊಗೆಸೊಪ್ಪಿನ ದುಡ್ಡು ಏನಾಯಿತು, ಮೇಷ್ಟ್ರ ಸಂಬಳದಲ್ಲಿ ಯಾವ ವರ್ಷ ಗಾಡಿ ರಿಪೇರಿ ಸಾಧ್ಯವಾಯಿತು ಎಂಬುದನ್ನು ಈ ಪುಟಗಳಿಂದ ಹೆಕ್ಕಬಹುದು.

ಭಾಷೆಯ ದೃಷ್ಟಿಯಿಂದಲೂ ಇವು ಕುತೂಹಲದವು. ಸ್ಕ್ರೂ ‘ಪೇಚ್’, ಸ್ಪ್ರಿಂಗ್ ‘ಕಮಾನಿ’, ಬೇರಿಂಗಿನ ಗುಂಡು ‘ಛರ್ರಾ’, ಲೇತ್ ಕೆಲಸ ‘ಖರಾದ್’. ಆದರೆ ಪಿಸ್ಟನ್ ಪಿಸ್ಟನ್ನೇ, ಗ್ಯಾಸ್ಕೆಟ್ ಗ್ಯಾಸ್ಕೆಟ್ಟೇ. ನಡುನಡುವೆ ‘ಅಲುಗಾಟ’, ‘ಸವೆತ’ ಎಂಬ ಅಚ್ಚ ಕನ್ನಡ ಪದಗಳು ಉರ್ದು ಲಿಪಿಯಲ್ಲಿ ಕೂತಿವೆ. ಸವೆತಕ್ಕೆ ಉರ್ದುವಿನಲ್ಲಿ ಪದ ಇಲ್ಲವೇ ಎಂದು ನಾವು ಕೇಳಿದೆವು. “ಇದೆ. ಆದರೆ ಅದು ಇಷ್ಟು ಸವೆದಿಲ್ಲ” ಎಂದರು.

ಬೋರಿನ ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಂಜಿನಿನ ವಯಸ್ಸು ಅಲ್ಲಿರುತ್ತದೆ. ಪಿಸ್ಟನ್ ಲಕ್ಷಾಂತರ ಸಲ ಏರಿಳಿದು ಸಿಲಿಂಡರಿನ ಗೋಡೆ ಸವೆಯುತ್ತದೆ. ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ, ಮೇಲ್ಭಾಗದಲ್ಲಿ ಹೆಚ್ಚು. ಆಗ ಅದನ್ನು ಕೊರೆದು ಮತ್ತೆ ದುಂಡಗೆ ಮಾಡಿ, ಕಾಲು ಮಿಲಿಮೀಟರು ದಪ್ಪನೆಯ ಪಿಸ್ಟನ್ ಹಾಕಬೇಕು. 65 ಇದ್ದದ್ದು 65.25 ಆಗುತ್ತದೆ. ಕೆಲವು ವರ್ಷದ ಮೇಲೆ 65.50. ಹೀಗೆ ಗೋಡೆ ತೆಳ್ಳಗಾಗುವ ತನಕ. ಆಮೇಲೆ ಒಳಗೆ ಹೊಸ ಸ್ಲೀವ್ ಕೂರಿಸಿ ಮತ್ತೆ 65ಕ್ಕೆ ತರುತ್ತಾರೆ. ಹಳೆಯ ಸಿಲಿಂಡರೊಂದನ್ನು ಅಳೆದರೆ ಅದು ಎಷ್ಟು ಸಲ ವೈದ್ಯರ ಹತ್ತಿರ ಹೋಗಿದೆ ಎಂಬುದು ತಿಳಿಯುತ್ತದೆ. ನೋಟ್‌ಬುಕ್ಕಿದ್ದರೆ ಯಾವ ವರ್ಷ ಎಂಬುದೂ ತಿಳಿಯುತ್ತದೆ.

ಕೊಟ್ಟಿಗೆಯಿಂದ ಬರುವ ಎಂಜಿನು ಸಾಮಾನ್ಯವಾಗಿ ಹಿಡಿದುಕೊಂಡಿರುತ್ತದೆ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿರುತ್ತದೆ. ಹೊಸಬರು ಕಿಕ್ಕರ್ ಮೇಲೆ ಹತ್ತಿ ನಿಲ್ಲುತ್ತಾರೆ, ಇಲ್ಲವೇ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಮಾಮು ಪ್ಲಗ್ಗಿನ ತೂತಿನಲ್ಲಿ ಡೀಸೆಲ್ ಮತ್ತು ಎಣ್ಣೆ ಸುರಿದು ಒಂದು ವಾರ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಮತ್ತೆ ಸುರಿಯುತ್ತಾರೆ, ಮತ್ತೊಂದು ವಾರ. ಒಂದು ಎಂಜಿನು ಹೀಗೆ ಎರಡು ತಿಂಗಳು ಕೂತಿತ್ತು. ಬಿಚ್ಚಿದ ಮೇಲೆ ಅವರು ಮೊದಲು ನೋಡುವುದು ಕ್ರ್ಯಾಂಕಿನ ಎರಡು ಕಡೆಯ ಆಯಿಲ್ ಸೀಲುಗಳನ್ನು. ಟೂ-ಸ್ಟ್ರೋಕ್ ಎಂಜಿನಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು ಅಲ್ಲಿ ಒತ್ತಡಕ್ಕೆ ಸಿಲುಕಿ ಮೇಲೇರುತ್ತದೆ. ಜಾವಾದಲ್ಲಿ ಎಡಗಡೆಯ ಸೀಲು ಹೋದರೆ ಕ್ಲಚ್ಚಿನ ಬದಿಯ ಎಣ್ಣೆಯನ್ನು ಎಂಜಿನು ಕುಡಿದು ಬಿಳಿ ಹೊಗೆ ಕಾರುತ್ತದೆ. ಅದು ಕಣ್ಣಿಗೆ ಕಾಣುವ ರೋಗ. ಬಲಗಡೆ, ಡೈನಮೋ ಇರುವ ಕಡೆಯ ಸೀಲು ಹೋದರೆ ಬರಿಯ ಗಾಳಿ ಒಳಗೆ ಬರುತ್ತದೆ. ಮಿಶ್ರಣ ತೆಳುವಾಗಿ ಎಂಜಿನು ಒಳಗೊಳಗೇ ಕಾದು ಒಂದು ದಿನ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೊಗೆ ಇಲ್ಲ, ಸದ್ದಿಲ್ಲ. “ಬಲಗಡೆಯದು ಹೇಳದೆ ಕೊಲ್ಲುತ್ತದೆ” ಎಂದು ಒಂದು ಪುಟದ ಅಂಚಿನಲ್ಲಿ ಬರೆದಿದ್ದಾರೆ. ಈಗ ಇದಕ್ಕೆ ಹೊಸ ತೊಡಕೊಂದು ಸೇರಿದೆ. 2025ರ ಹೊತ್ತಿಗೆ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವುದು ದೇಶದ ಎಲ್ಲೆಡೆ ಬಂತು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಗಾಡಿ ನಿಲ್ಲಿಸಿಡುವುದಾದರೆ ಟ್ಯಾಂಕೂ ಕಾರ್ಬರೇಟರೂ ಖಾಲಿ ಇರಲಿ ಎಂದು ಮಾಮು ಬಂದವರಿಗೆಲ್ಲ ಹೇಳಿ ಕಳಿಸುತ್ತಾರೆ.

2023ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ತರುಣ ಟೆಂಪೊದಲ್ಲಿ ಗಾಡಿಯೊಂದನ್ನು ಹಾಕಿಕೊಂಡು ಬಂದ. 1968ರ ಜಾವಾ. ಅವನ ಅಜ್ಜ ಹುಣಸೂರು ತಾಲ್ಲೂಕಿನಲ್ಲಿ ಮೇಷ್ಟ್ರಾಗಿದ್ದವರು. 1999ರಿಂದ ಗಾಡಿ ಕೊಟ್ಟಿಗೆಯಲ್ಲಿತ್ತು. ಹುಡುಗನಿಗೆ ಬೇಕಾದದ್ದು ವಿಂಟೇಜ್ ನೋಂದಣಿ. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಇರುವ, ಚಾಸಿಯಲ್ಲಾಗಲಿ ಎಂಜಿನಿನಲ್ಲಾಗಲಿ ದೊಡ್ಡ ಬದಲಾವಣೆ ಆಗದ ವಾಹನಗಳಿಗೆ ‘ವಿಎ’ ಎಂಬ ಅಕ್ಷರಗಳಿರುವ ಪ್ರತ್ಯೇಕ ನಂಬರು ಕೊಡುವ ಕ್ರಮ ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ದಿನನಿತ್ಯ ಓಡಿಸುವಂತಿಲ್ಲ.

ತೊಂದರೆ ಏನೆಂದರೆ, ಆರ್.ಸಿ. ಪುಸ್ತಕದಲ್ಲಿದ್ದ ಎಂಜಿನ್ ನಂಬರು ಬೇರೆ, ಗಾಡಿಯಲ್ಲಿದ್ದ ಎಂಜಿನಿನ ನಂಬರು ಬೇರೆ. ಹುಡುಗನ ಮುಖ ಇಳಿದುಹೋಯಿತು. ತಾತ ಕದ್ದ ಎಂಜಿನು ಹಾಕಿಸಿದ್ದರೇ ಎಂಬ ಅನುಮಾನವೂ ಅವನ ಮಾತಿನಲ್ಲಿ ಸುಳಿಯಿತು. ಮಾಮು ಆರ್.ಸಿ.ಯ ನಂಬರನ್ನು ಎರಡು ಸಲ ಓದಿಸಿಕೊಂಡು ಬಟ್ಟೆಚೀಲ ಇಳಿಸಿದರು. ಕಣ್ಣು ಮಂಜಾದ್ದರಿಂದ ಪುಟ ತಿರುವುವ ಕೆಲಸ ನಮ್ಮದಾಯಿತು. ಆ ನಂಬರು ಮೂರು ಪುಸ್ತಕಗಳಲ್ಲಿ ಸಿಕ್ಕಿತು. 1972ರಲ್ಲಿ ಬೋರು 65.25. 1979ರಲ್ಲಿ 65.50, ಕ್ಲಚ್ ಪ್ಲೇಟು, ಚೈನು. 1988ರ ಪುಟದಲ್ಲಿ ನಾಲ್ಕೇ ಸಾಲು: ಬಿಳಿಕೆರೆ ದಾಟಿದ ಮೇಲೆ ಕನೆಕ್ಟಿಂಗ್ ರಾಡ್ ಮುರಿದು ಕೇಸ್ ಒಡೆದಿದೆ, ಮೇಷ್ಟ್ರ ಹತ್ತಿರ ದುಡ್ಡಿಲ್ಲ, ಗುಜರಿಯಿಂದ ತಂದ ಎಂಜಿನು ಕೂರಿಸಲಾಗಿದೆ, ಬಾಕಿ ಇನ್ನೂರು. ಹೊಸ ಎಂಜಿನಿನ ನಂಬರೂ ಅಲ್ಲೇ ಇತ್ತು, ಈಗ ಗಾಡಿಯಲ್ಲಿರುವುದೂ ಅದೇ. ಬಾಕಿ ಇನ್ನೂರರ ಮೇಲೆ ಗೀಟು ಎಳೆದಿರಲಿಲ್ಲ. ಅದನ್ನು ನಾವು ಓದಿ ಹೇಳಲಿಲ್ಲ.

ಹಳೆಯ ಎಂಜಿನಿನ ಗತಿಯೇನು? ಮಾಮು ಶೆಡ್ಡಿನ ಮೂಲೆಯ ಮರದ ಪೆಟ್ಟಿಗೆಯನ್ನು ಎಳೆಸಿದರು. ಅದರಲ್ಲಿ ನಂಬರು ಕೊರೆದಿದ್ದ ಕ್ರ್ಯಾಂಕ್‌ಕೇಸಿನ ಅರ್ಧ ಭಾಗ ಇತ್ತು. ಒಡೆದಿದ್ದ ಇನ್ನೊಂದರ್ಧ ಆಗಲೇ ಅಲ್ಯುಮಿನಿಯಂ ಲೆಕ್ಕದಲ್ಲಿ ಮಾರಾಟವಾಗಿತ್ತು. ಕ್ರ್ಯಾಂಕ್‌ಕೇಸಿನ ಎರಡು ಭಾಗಗಳನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಟ್ಟು ಕೊರೆದಿರುತ್ತಾರೆ. ಬೇರೆ ಎಂಜಿನಿನ ಅರ್ಧವನ್ನು ತಂದು ಜೋಡಿಸಿದರೆ ಬೇರಿಂಗುಗಳ ಮನೆ ಒಂದೇ ಸಾಲಿಗೆ ಬರುವುದಿಲ್ಲ, ಕ್ರ್ಯಾಂಕು ನೆಟ್ಟಗೆ ತಿರುಗುವುದಿಲ್ಲ. ಮೂವತ್ತೈದು ವರ್ಷ ಕಾಪಾಡಿದ್ದ ಆ ಅರ್ಧ ಕೈಯಲ್ಲಿ ಹಿಡಿದು ನೋಡಲಷ್ಟೇ ಆಯಿತು.

“ಅಂಕಲ್, ಈಗಿರೋ ಎಂಜಿನ್ ಮೇಲೆ ಹಳೇ ನಂಬರ್ ಪಂಚ್ ಮಾಡ್ಕೊಡೋಕಾಗುತ್ತಾ? ಬೇರೆ ಕಡೆ ಮಾಡ್ತಾರಂತೆ” ಎಂದು ಹುಡುಗ ಮೆಲ್ಲಗೆ ಕೇಳಿದ. ಅದು ಅಪರಾಧ ಎಂಬುದು ಅವನಿಗೂ ಗೊತ್ತಿತ್ತು. ಮಾಮು ರೇಗಲಿಲ್ಲ. “ಮಾಡ್ತಾರಪ್ಪಾ, ಮಾಡ್ತಾರೆ. ಉಜ್ಜಿ ಹೊಡೆದರೆ ಐದು ನಿಮಿಷದ ಕೆಲಸ. ಆದರೆ ನಿಮ್ಮ ತಾತ ಆ ದಿನ ಬಿಳಿಕೆರೆಯಿಂದ ಗಾಡಿ ತಳ್ಳಿಕೊಂಡು ಬಂದರಲ್ಲ, ಅದೂ ಉಜ್ಜಿ ಹೋಗುತ್ತೆ” ಎಂದರು.

ಇಲ್ಲಿ ನಿಯಮದ ಬಗ್ಗೆ ನಮ್ಮದೊಂದು ತಕರಾರಿದೆ. ಮೂಲರೂಪ ಎಂಬುದನ್ನು ಕಾಗದದ ಮೇಲೆ ಬರೆಯುವುದು ಸುಲಭ. ಕಾರ್ಖಾನೆಯಿಂದ ಬಂದಂತೆಯೇ ಉಳಿಯುವ ಗಾಡಿ ಶ್ರೀಮಂತರ ಗ್ಯಾರೇಜಿನಲ್ಲಿ, ಬಟ್ಟೆಯ ಮುಸುಕಿನ ಕೆಳಗೆ ನಿಂತ ಗಾಡಿ. ಧರ್ಮಸ್ಥಳದ ಮಂಜೂಷಾ ಸಂಗ್ರಹದಂಥ ಕಡೆ ಹಳೆಯ ವಾಹನಗಳನ್ನು ನೋಡಿ ನಾವೂ ಸಂತೋಷಪಟ್ಟಿದ್ದೇವೆ, ಅಂಥ ಸಂಗ್ರಹಗಳು ಬೇಕು. ಆದರೆ ಮೇಷ್ಟ್ರ ಗಾಡಿ ದುಡಿದ ಗಾಡಿ. ಅದರ ಪಿಸ್ಟನ್ ಬದಲಾಗಿದೆ, ಎಂಜಿನು ಬದಲಾಗಿದೆ, ಸೀಟಿನ ರೆಕ್ಸಿನ್ ಮೂರು ಸಲ ಬದಲಾಗಿದೆ. ಅದು ಅರ್ಧ ಶತಮಾನ ಬದುಕಿದ್ದೇ ಬದಲಾಗುತ್ತ. ರಿಪೇರಿಯ ಲೆಕ್ಕವನ್ನೂ ದಾಖಲೆಯೆಂದು ಒಪ್ಪುವ ಒಂದು ಕಲಮು ನಿಯಮದಲ್ಲಿ ಇರಬಾರದೇ?

ಉಳಿದ ದಾರಿ ಒಂದೇ, ಎಂಜಿನು ಬದಲಾದದ್ದನ್ನು ಆರ್.ಸಿ.ಯಲ್ಲಿ ಈಗಲಾದರೂ ದಾಖಲಿಸಲು ಅರ್ಜಿ ಹಾಕುವುದು. ಆಧಾರಕ್ಕೆ ನೋಟ್‌ಬುಕ್ಕಿನ ಮೂರು ಪುಟ. ನಾವು ಅವನ್ನು ಕನ್ನಡಕ್ಕೆ ತಂದು, ಟೈಪು ಮಾಡಿಸಿ, ಮೂಲದ ಜೆರಾಕ್ಸ್ ಜೊತೆ ಲಗತ್ತಿಸಿ ಕೊಟ್ಟೆವು. ಕಚೇರಿಯಲ್ಲಿ ಇದ್ದವರು ಸೌಜನ್ಯದಿಂದಲೇ ನೋಡಿದರು. ಇದು ಯಾವ ಭಾಷೆ ಎಂದು ಕೇಳಿದರು. 1988ರ ಬಿಲ್ಲು ಇದೆಯೇ ಎಂದು ಕೇಳಿದರು. ಆ ಕಾಲದ ಗ್ಯಾರೇಜಿನಲ್ಲಿ ಬಿಲ್ ಬುಕ್ಕೇ ಇರಲಿಲ್ಲ. ಅರ್ಜಿ ಇನ್ನೂ ಅಲ್ಲೇ ಇದೆ. ಗಾಡಿ ಮಾತ್ರ ಸಿದ್ಧವಾಗಿ, ಸ್ಟಾರ್ಟಾಗಿ, ಶೆಡ್ಡಿನ ಬಾಗಿಲಲ್ಲಿ ನಿಂತಿದೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಗತ್ತಿನ ಜಾವಾ ಪ್ರಿಯರೆಲ್ಲ ಜಾವಾ ದಿನ ಆಚರಿಸುತ್ತಾರೆ, ಬೆಂಗಳೂರು ಮೈಸೂರುಗಳಲ್ಲೂ ಸಾಲುಸಾಲಾಗಿ ಗಾಡಿಗಳು ಹೊರಡುತ್ತವೆ. ಹುಡುಗ ಆ ದಿನಗಳಲ್ಲಿ ಬೇರೊಬ್ಬರ ಹಿಂದೆ ಕೂತು ಹೋಗುತ್ತಾನೆ.

ಆ ಅರ್ಜಿಯ ನೆಪದಲ್ಲಿ ಒಂದು ಸಂಗತಿ ನಮಗೆ ಹೊಳೆಯಿತು. ಈ ನೋಟ್‌ಬುಕ್ಕುಗಳನ್ನು ಓದಬಲ್ಲವರು ಮನೆಯಲ್ಲಿ ಈಗ ಮಾಮು ಮತ್ತು ನಾವು, ಇಬ್ಬರೇ. ಮಾಮು ಅವರ ಮಗ ದುಬೈಯಲ್ಲಿದ್ದಾನೆ, ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ, ಅಲಿಫ್ ಬೇ ದಾಟಿಲ್ಲ. ಮೂರು ವರ್ಷದಿಂದ ಶೆಡ್ಡಿಗೆ ಬರುತ್ತಿರುವ ಶಾಗಿರ್ದ್ ನಂಜನಗೂಡು ಕಡೆಯ ಹುಡುಗ, ಐ.ಟಿ.ಐ. ಮುಗಿಸಿದವನು. ಮಾಮು ಅವರ ಕೈ ಈಗ ನಡುಗುತ್ತದೆ. ಪಾಯಿಂಟಿನ ನಡುವೆ 0.4 ಮಿಲಿಮೀಟರು ಸಂದು ಇಡುವ ಕೆಲಸವನ್ನು ಅವನೇ ಮಾಡುತ್ತಾನೆ. ಅವನ ಕೈ ಪಳಗಿದೆ. ಆದರೆ ಚೀಲದಲ್ಲಿರುವುದು ಅವನಿಗೆ ಬರಿಯ ಗೀಟು, ಚುಕ್ಕೆ.

ಹೀಗಾಗಿ ಕಳೆದ ವರ್ಷದಿಂದ ಪ್ರತಿ ಭಾನುವಾರ ನಾವು ಶೆಡ್ಡಿಗೆ ಹೋಗಿ ಓದುತ್ತೇವೆ, ಅವನು ಬರೆದುಕೊಳ್ಳುತ್ತಾನೆ. ಎರಡು ಗಂಟೆಗೆ ಆರೇಳು ಪುಟ ಸಾಗುತ್ತದೆ. ಅವನು ಬರೆಯುವುದು ಕನ್ನಡದಲ್ಲಿ, ನಂಬರು ಅಳತೆಗಳಿಗೆ ಬೇರೆ ಬೇರೆ ಕಲಮು ಎಳೆದಿದ್ದಾನೆ. ಗಿರಾಕಿಯ ಕಸುಬನ್ನೂ ಬರೆಯಬೇಕೇ ಅಣ್ಣಾ ಎಂದು ಮೊದಲ ವಾರ ಕೇಳಿದ. ಬರಿ ಎಂದೆವು. ಸದ್ಯ 1983ಕ್ಕೆ ಬಂದಿದ್ದೇವೆ.

ಹೋದ ಭಾನುವಾರ ಒಂದು ಪದದ ಹತ್ತಿರ ನಿಂತೆವು. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯ ಗಾಡಿ, ಗೇರ್‌ಬಾಕ್ಸಿನ ಕೆಲಸ. ‘ಎರಡು ಟಿಕ್ಲಿ ಹಾಕಿದೆ, ಸದ್ದು ನಿಂತಿತು’ ಎಂದಿತ್ತು. ಟಿಕ್ಲಿ ಎಂದರೆ ನಮ್ಮ ಮನೆಮಾತಿನಲ್ಲಿ ಹೆಂಗಸರು ಹಣೆಗೆ ಅಂಟಿಸುವ ಬೊಟ್ಟು. ಹುಡುಗ ಪೆನ್ನು ಎತ್ತಿ ಹಿಡಿದು, “ಏನಂತ ಬರೀಲಿ ಉಸ್ತಾದ್?” ಎಂದ. ಮಾಮು ಉತ್ತರ ಕೊಡಲಿಲ್ಲ. ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಬೆರಳಾಡಿಸಿ, ಕಾಗದದಷ್ಟು ತೆಳ್ಳಗಿನ ಒಂದು ಉಕ್ಕಿನ ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟರು. ಅವನು ಮೈಕ್ರೋಮೀಟರಿನಲ್ಲಿ ಅಳೆದು ‘ಟಿಕ್ಲಿ, 0.2’ ಎಂದು ಬರೆದುಕೊಂಡ.